ಕಂತಿನ ಮೇಲೆ ಬಂದ ಕನ್ನಡಿ ಬೀರು

ಬೇತಮಂಗಲದ ಪಕ್ಕದ ಹಳ್ಳಿಯಿಂದ ಮದುವೆಯಾಗಿ ಚಿನ್ನದ ಗಣಿಗೆ ಬಂದಾಗ ನನಗೆ ಎಲ್ಲವೂ ದೊಡ್ಡದಾಗಿ ಕಂಡಿತ್ತು, ನಮ್ಮ ಮನೆಯೊಂದನ್ನು ಬಿಟ್ಟು. ಕೋರಮಂಡಲ್ ಗಣಿಯ ಕಡೆ, ಕೆಲಸಗಾರರ ಸಾಲುಮನೆಗಳ ಲೈನಿನಲ್ಲಿ ನಮ್ಮದು ಬಿದಿರಿನ ತಟ್ಟಿಮನೆ. ಒಂದೇ ಕೋಣೆ, ಮುಂದೆ ಒಲೆ ಹೂಡುವಷ್ಟು ಜಾಗ. ಪಕ್ಕದ ಮನೆಯಲ್ಲಿ ಒಗ್ಗರಣೆ ಹಾಕಿದರೆ ನಮ್ಮ ಮನೆಯಲ್ಲಿ ಸೀನು ಬರುತ್ತಿತ್ತು. ಐವತ್ತರ ದಶಕ ಮುಗಿಯುತ್ತಿದ್ದ ಕಾಲ ಅದು.

ನಮ್ಮ ಯಜಮಾನರದು ಗಣಿಯೊಳಗೆ ಮರದ ಆಸರೆ ನಿಲ್ಲಿಸುವ ಕೆಲಸ. ದಿನವೆಲ್ಲ ಕತ್ತಲಲ್ಲಿರುತ್ತಿದ್ದುದಕ್ಕೋ ಏನೋ, ಹೊಳೆಯುವ ಸಾಮಾನೆಂದರೆ ಅವರಿಗೆ ಪ್ರಾಣ. ಮದುವೆಗೆ ಮುಂಚೆಯೇ ಕೈಗಡಿಯಾರ ತೆಗೆದುಕೊಂಡಿದ್ದರು, ಕಂತಿನ ಮೇಲೆ. ನಾನು ಬಂದ ಮೇಲೆ ಒಂದು ಉಣ್ಣೆಯ ಕೋಟು ಬಂತು, ಅದೂ ಕಂತಿನ ಮೇಲೆ. ಆ ಕೋಟು ತೊಟ್ಟು ಭಾನುವಾರ ಸಂಜೆ ನನ್ನನ್ನು ಪೇಟೆಗೆ ಕರೆದುಕೊಂಡು ಹೋದಾಗ ನನಗೂ ಹೆಮ್ಮೆಯೇ. ಬೇಡ ಅನ್ನಬೇಕೆಂದು ನನಗೆ ತೋಚಲೂ ಇಲ್ಲ.

ಒಂದು ದಿನ ಬಂಗಾರಪೇಟೆಗೆ ಹೋಗಿದ್ದವರು ಎತ್ತಿನ ಗಾಡಿಯಲ್ಲಿ ಒಂದು ತೇಗದ ಬೀರು ಹೇರಿಸಿಕೊಂಡು ಬಂದರು. ಬಾಗಿಲಿಗೆ ಆಳೆತ್ತರದ ಕನ್ನಡಿ. ಅದನ್ನು ಒಳಗೆ ಸೇರಿಸಲು ಲೈನಿನ ಗಂಡಸರೆಲ್ಲ ಸೇರಿ ಬಾಗಿಲಿನ ಪಕ್ಕದ ತಟ್ಟಿಯನ್ನೇ ಬಿಚ್ಚಿ ಮತ್ತೆ ಕಟ್ಟಬೇಕಾಯಿತು. ಬೀರು ನಿಂತ ಮೇಲೆ ನಮಗಿಬ್ಬರಿಗೆ ಕಾಲು ಚಾಚಿ ಮಲಗಲು ಜಾಗ ಉಳಿಯಲಿಲ್ಲ.

"ಒಳಕ್ಕೆ ಇಡಾಕೆ ಏನೈತೆ ನಮ್ತಾವ?" ಎಂದೆ.

"ಬತ್ತದೆ ಬಿಡು. ಮೊದ್ಲು ನಿನ್ನ ನೀನು ನೋಡ್ಕೊ," ಎಂದು ನಕ್ಕರು.

ನೋಡಿಕೊಂಡೆ. ಅಂಗೈಯಗಲದ ಕನ್ನಡಿಯಲ್ಲಿ ಬೈತಲೆ ತೆಗೆದುಕೊಂಡು ಬೆಳೆದವಳು ನಾನು. ತಲೆಯಿಂದ ಪಾದದವರೆಗೆ ನನ್ನನ್ನು ಒಟ್ಟಿಗೆ ಕಂಡದ್ದು ಅವತ್ತೇ ಮೊದಲು. ಲೈನಿನ ಹೆಂಗಸರೂ ಬಂದರು. ಕನ್ನಡ, ತಮಿಳು, ತೆಲುಗು, ಮೂರೂ ಮಾತಿನಲ್ಲಿ ನಗುತ್ತ ಒಬ್ಬರನ್ನೊಬ್ಬರು ತಳ್ಳಿ ನೋಡಿಕೊಂಡರು. ಆಮೇಲೆ ನಾಮಕರಣ, ಸೀಮಂತ ಏನೇ ಇದ್ದರೂ ಸೀರೆಯುಟ್ಟವರು ಮೊದಲು ನಮ್ಮ ಮನೆಗೆ ಬಂದು ನೆರಿಗೆ ಸರಿಮಾಡಿಕೊಂಡು ಹೋಗುವುದು ರೂಢಿಯಾಯಿತು. ನನಗೆ ಅಷ್ಟು ಜನ ಗೆಳತಿಯರಾದದ್ದು ಆ ಕನ್ನಡಿಯಿಂದಲೇ.

ಗಣಿಯೊಳಗೆ ಬಂಡೆ ಸಿಡಿದರೆ ಮೇಲೆ ಮನೆಗಳು ನಡುಗುತ್ತಿದ್ದವು. ಪಾತ್ರೆಗಳು ಗಲಗಲ ಎಂದ ಕೂಡಲೇ ನಾನು ಓಡಿ ಕನ್ನಡಿಯನ್ನು ಎರಡೂ ಕೈಯಿಂದ ಒತ್ತಿ ಹಿಡಿಯುತ್ತಿದ್ದೆ. ಯಜಮಾನರು ಕೆಳಗಿದ್ದಾರೆ ಎಂಬುದು ನೆನಪಾಗುತ್ತಿದ್ದುದು ಆಮೇಲೆ.

ಸಂಬಳದ ದಿನ ಕಂತಿನವರು ಗಣಿಯ ಗೇಟಿನ ಹತ್ತಿರವೇ ಕಾಯುತ್ತಿದ್ದರು. ಗಡಿಯಾರದವನಿಗೆ, ಕೋಟಿನವನಿಗೆ, ಬೀರಿನವನಿಗೆ ಕೊಟ್ಟು ಮನೆಗೆ ಬರುವಷ್ಟರಲ್ಲಿ ಯಜಮಾನರ ಕೈ ಬರಿದಾಗುತ್ತಿತ್ತು. ರಾಗಿ, ಬೇಳೆ ಎಲ್ಲವೂ ದಿನಸಿ ಅಂಗಡಿಯ ಸಾಲ. ಅಂಗಡಿಯವನು ನನ್ನನ್ನು ಕಂಡರೆ ಬೇರೆಯವರಿಗೆ ಮೊದಲು ತೂಗಿಕೊಡತೊಡಗಿದ. ಯಜಮಾನರು ಬೀರಿನ ಕಂತು ತಪ್ಪಿಸಿ, ಸಂಬಳದ ದಿನ ಬೇರೆ ದಾರಿ ಹಿಡಿದು ಬರಲು ಶುರುಮಾಡಿದರು.

ಹೀಗಿರುವಾಗ ಬೀರಿನ ಅಂಗಡಿಯ ಗುಮಾಸ್ತರು ಮನೆ ಹುಡುಕಿಕೊಂಡೇ ಬಂದರು. ವಯಸ್ಸಾದವರು, ಬಂಗಾರಪೇಟೆಯಿಂದ ರೈಲಿನಲ್ಲಿ ಬಂದು ಬಿಸಿಲಿನಲ್ಲಿ ನಡೆದಿದ್ದರು. ಅವರನ್ನು ದೂರದಲ್ಲೇ ಕಂಡ ಯಜಮಾನರು "ಇಲ್ಲಾ ಅಂತ ಏಳು" ಎಂದು ಪಿಸುಗುಟ್ಟಿ ಬೀರಿನ ಹಿಂದೆ ಸೇರಿಕೊಂಡರು. ಇದ್ದ ಒಂದು ಕೋಣೆಯಲ್ಲಿ ಅಡಗುವ ಜಾಗ ಅದೊಂದೇ.

"ಅವ್ರು ಕೆಲ್ಸಕ್ಕೋಗವ್ರೆ," ಎಂದೆ.

ಗುಮಾಸ್ತರು ಹೊಸಲಿನಲ್ಲಿ ಕುಳಿತು ನೀರು ಕೇಳಿ ಕುಡಿದರು. ಒಳಗೆ ಕಣ್ಣು ಹಾಯಿಸಿದವರು ಬೀರನ್ನೇ ಸ್ವಲ್ಪ ಹೊತ್ತು ನೋಡಿದರು. ಅದರ ಬುಡದಲ್ಲಿ ಯಜಮಾನರ ಕಾಲ್ಬೆರಳುಗಳು ಕಾಣುತ್ತಿದ್ದವು.

"ಬಂದ್ಮೇಲೆ ಏಳಮ್ಮಾ," ಎಂದು ಅವರು ನನ್ನೊಡನೆ ಆಡುವಂತೆ, ಆದರೆ ಬೀರಿಗೂ ಕೇಳಿಸುವಂತೆ ಹೇಳಿದರು. "ಕಷ್ಟ ಯಾರ್ಗಿಲ್ಲ? ಬಂದು ಒಂದ್ಮಾತು ಏಳಿದ್ರೆ ಸಾಕು. ಎದ್ರುಕೊಂಡು ತಿರುಗೋದು ಬ್ಯಾಡ ಅನ್ನು. ಪಾಪ, ಸಣ್ಣ ವಯ್ಸು."

ಅವರು ಹೋದ ಮೇಲೆ ಯಜಮಾನರು ಈಚೆ ಬಂದರು. ತಲೆಗೆಲ್ಲ ಜೇಡರ ಬಲೆ. ಕನ್ನಡಿಯ ಕಡೆ ತಿರುಗದೆ ಗೋಡೆಗೆ ಒರಗಿ ಕುಳಿತರು. ಊಟಕ್ಕೆ ಕರೆದರೂ ಏಳಲಿಲ್ಲ. ಕುಳಿತಲ್ಲಿಂದಲೇ ಹೇಳಿದರು:

"ಆಸೆ ನಂದು, ಸಾಲಾನೂ ನಂದೇ. ನಿನ್ ಬಾಯಲ್ಲಿ ಸುಳ್ಳೇಳ್ಸುಬುಟ್ನಲ್ಲಾ."

"ಈಗೇನ್ ಮಾಡಾದು?"

"ಅವ್ರು ಬಂದು ಒತ್ಕೊಂಡೋಗೋದು ಬ್ಯಾಡ. ನಾನೇ ಒತ್ಕೊಂಡೋಗಿ ಕೊಟ್ಬುಟ್ಟು ಬತ್ತೀನಿ."

ಮುಂದಿನ ಭಾನುವಾರ ಗಾಡಿ ಬಂತು. ಲೈನಿನಲ್ಲಿ ಗುಟ್ಟು ಎಲ್ಲಿ ಉಳಿಯುತ್ತದೆ? ತಟ್ಟಿ ಬಿಚ್ಚುತ್ತಿದ್ದಾಗ ಎದುರುಮನೆಯ ತಮಿಳಿನಾಕೆ ಮಗಳನ್ನು ಕರೆದುಕೊಂಡು ಓಡಿಬಂದಳು. ಆ ಹುಡುಗಿಗೆ ಮದುವೆ ಗೊತ್ತಾಗಿತ್ತು. ಮದುವೆಯ ದಿನ ಈ ಕನ್ನಡಿಯಲ್ಲೇ ನೋಡಿಕೊಳ್ಳಬೇಕೆಂದು ಎಂದೋ ಹೇಳಿಟ್ಟಿದ್ದಳು.

"ಅಕ್ಕಾ, ಕೊಂಜ ನಿಲ್ಸಕ್ಕಾ, ಸ್ವಲ್ಪ ನಿಲ್ಸು," ಎಂದಳು ತಾಯಿ. ಧಾರೆ ಸೀರೆಯನ್ನು ಮೊದಲೇ ಉಡಬಾರದೆಂದು ಮಗಳ ಹೆಗಲ ಮೇಲೆ ಸೆರಗಿನಷ್ಟು ಮಾತ್ರ ಹರಡಿದಳು. ಹುಡುಗಿ ಕನ್ನಡಿಯ ಮುಂದೆ ನಿಂತು, ಬಲಕ್ಕೆ ತಿರುಗಿ, ಎಡಕ್ಕೆ ತಿರುಗಿ, ಕೊನೆಗೆ ಎರಡು ಕೈಯಿಂದ ಮುಖ ಮುಚ್ಚಿಕೊಂಡು ನಕ್ಕಳು. ಗಾಡಿಯವನೂ ಹಗ್ಗ ಹಿಡಿದು ಕಾದ. ನನ್ನ ಯಜಮಾನರು ಆಚೆ ಹೋಗಿ ಎತ್ತುಗಳ ಕೊರಳು ಸವರುತ್ತ ನಿಂತಿದ್ದರು.

ಬೀರನ್ನು ಅಂಗಾತ ಮಲಗಿಸಿ ಕಟ್ಟಿದೆವು. ನಾನೂ ಹೊರಟೆ. ಬಂಗಾರಪೇಟೆಯವರೆಗೂ ಆ ಕನ್ನಡಿಯೊಳಗೆ ಆಕಾಶ, ಹುಣಸೆಮರದ ಕೊಂಬೆ, ಒಮ್ಮೊಮ್ಮೆ ಹಕ್ಕಿ ಹಾದುಹೋಗುತ್ತಿತ್ತು. ಅಳುತ್ತೇನೆಂದುಕೊಂಡಿದ್ದೆ. ಆದರೆ ಅದನ್ನು ನೋಡುತ್ತ ನೋಡುತ್ತ ನನಗೇ ತಿಳಿಯದಂತೆ ಮನಸ್ಸು ಹಗುರವಾಗಿತ್ತು.

ಅಂಗಡಿಯ ಸಾಹುಕಾರ ಬೀರನ್ನು ಸುತ್ತ ತಟ್ಟಿ ನೋಡಿ, ಕಟ್ಟಿದ ಕಂತುಗಳು ಇಷ್ಟು ದಿನದ ಬಾಡಿಗೆಗೆ ಸರಿಹೋದವು ಎಂದ. ಬೇಕಾದರೆ ಇನ್ನೂ ಸಣ್ಣ ಕಂತು ಮಾಡಿಕೊಡುತ್ತೇನೆ, ವಾಪಸ್ಸು ಒಯ್ಯಿರಿ ಎಂದೂ ಅಂದ. ನಾನು ಯಜಮಾನರ ಮುಖ ನೋಡಿದೆ.

"ಬ್ಯಾಡ ಸ್ವಾಮಿ," ಎಂದರು. ಆಮೇಲೆ ಮೂಲೆಯಲ್ಲಿ ಕುಳಿತಿದ್ದ ಗುಮಾಸ್ತರ ಹತ್ತಿರ ಹೋಗಿ, "ಅವತ್ತು ನಾನು ಮನೇಲೇ ಇದ್ದೆ," ಎಂದರು. ಗುಮಾಸ್ತರು "ಗೊತ್ತಪ್ಪಾ" ಎಂದು ಅವರ ಭುಜ ತಟ್ಟಿದರು.

ಗಡಿಯಾರದ ಕಂತು ಮುಗಿದ ಮೇಲೆ ಅದನ್ನು ಮಾರಿ ದಿನಸಿಯವನ ಸಾಲ ತೀರಿಸಿದೆವು. ಕೋಟಿನ ಕಂತು ಮಾತ್ರ ಮುಂದಿನ ಚಳಿಗಾಲದವರೆಗೂ ಎಳೆಯಿತು. ಎಲ್ಲವೂ ಮುಗಿದ ತಿಂಗಳು ಯಜಮಾನರು ನೆಟ್ಟಗೆ ಗೇಟಿನಿಂದಲೇ ಬಂದು ಇಡೀ ಸಂಬಳವನ್ನು ನನ್ನ ಕೈಯಲ್ಲಿಟ್ಟರು. ನಾನು ಅಂಗಡಿಗೆ ಹೋಗಿ ತೊಗರಿಬೇಳೆ, ಬೆಲ್ಲ ತಂದೆ, ನಗದು ದುಡ್ಡು ಕೊಟ್ಟು. ಏಲಕ್ಕಿ ಕುಟ್ಟಿ ಒಬ್ಬಟ್ಟು ಬೇಯಿಸತೊಡಗಿದೆ. ವಾಸನೆ ಲೈನಿನ ತುದಿಯವರೆಗೆ ಹೋಗಿರಬೇಕು.

"ಇವತ್ತೇನ್ ಅಬ್ಬ ನಿಮ್ಮನೇಲಿ?" ಎಂದು ತಟ್ಟಿಯಾಚೆಯಿಂದ ಯಾರೋ ಕೂಗಿದರು.

"ಯಾವ ಅಬ್ಬಾನೂ ಇಲ್ಲ, ಬರ್ರಿ ತಿನ್ನಾಕೆ," ಎಂದು ಯಜಮಾನರು ಕೂಗಿದರು. ಬಂದವರಿಗೆಲ್ಲ ಕೂರಲು ಒಳಗೆ ಧಾರಾಳವಾಗಿ ಜಾಗವಿತ್ತು.