ಅಲ್ಲಾಡಬೇಡ ಅಂದದ್ದು ಯಾರಿಗೆ?

ಹೋದ ವಾರವಲ್ಲ, ಅದಕ್ಕೂ ಹಿಂದಿನ ಭಾನುವಾರ, ಸಂಜೆ ನಾಲ್ಕೂಮುಕ್ಕಾಲಿಗೆ ನನ್ನ ಗೆಳೆಯ ನಂಜುಂಡ ಸಾಯಲು ಹೊರಟ. ಅದು ಅವನಿಗೇ ಗೊತ್ತಿರಲಿಲ್ಲ. ಅವನ ಕಣ್ಣು ಕ್ಯಾಮೆರಾದೊಳಗಿತ್ತು.

ನಂಜುಂಡ ಗುಂಡ್ಲುಪೇಟೆಯ ಒಂದು ಆಫೀಸಿನಲ್ಲಿ ಗುಮಾಸ್ತ. ಭಾನುವಾರ ಮಾತ್ರ ಕಲಾವಿದ. ಬಂಡೀಪುರದ ಆನೆ, ಜಿಂಕೆಗಳ ಫೋಟೋ ಎಲ್ಲರೂ ತೆಗೆದಾಯಿತು. ನಮ್ಮ ಕರಿಕಲ್ಲು ಗಣಿಗಳನ್ನೂ ಅಲ್ಲಿ ದುಡಿದ ಜನರನ್ನೂ ಯಾರು ತೆಗೆದಿದ್ದಾರೆ ಎಂಬುದು ಅವನ ವಾದ. (ವಾದ ಸರಿಯೇ. ಕ್ಯಾಮೆರಾ ಚೀಲ ಹೊರುವವನು ಮಾತ್ರ ನಾನು.)

ಹಾಗೆ ತೆರಕಣಾಂಬಿಯಲ್ಲಿ ಬಸ್ಸಿಳಿದು, ನಡೆದು, ಮುಚ್ಚಿದ ಗಣಿಯೊಂದರ ಪಕ್ಕದ ಪುಟ್ಟ ಊರಿಗೆ ಹೋದೆವು. ಕೆಲಸ ನಿಂತು ವರ್ಷಗಳಾಗಿವೆ. ಗುಂಡಿಯ ತಳದಲ್ಲಿ ಹಸಿರು ನೀರು. ಯಾರೂ ಸಾಗಿಸದೆ ಬಿಟ್ಟ ಕಲ್ಲುದಿಮ್ಮಿಯ ಮೇಲೆ ಒಂದು ಮೇಕೆ ಮಲಗಿತ್ತು. ಗುಂಡಿಗೆ ಬೇಲಿ? ಮಿಕ್ಕ ಕಲ್ಲನ್ನೆಲ್ಲ ಮರೆಯದೆ ಒಯ್ದವರು ಅದೊಂದನ್ನು ಮರೆತಿದ್ದರು.

ಆ ಗಣಿಯಲ್ಲೇ ದುಡಿದಿದ್ದ ಪುಟ್ಟಮ್ಮಜ್ಜಿಯ ಮನೆ ಗುಂಡಿಯ ಪಕ್ಕದಲ್ಲೇ. ಅವರ ಇಡೀ ಸಂಸಾರ, ಅಂದರೆ ಮಕ್ಕಳು, ಸೊಸೆಯರು, ಮೊಮ್ಮಕ್ಕಳು, ಮನೆ ಮುಂದೆ ಸಾಲಾಗಿ ನಿಂತಿತು. ನಂಜುಂಡ ಎದುರಿಗೆ, ಗುಂಡಿಗೆ ಬೆನ್ನು ಹಾಕಿ.

"ಕಾಲು ಬಂದ್ವಾ?" ಅಜ್ಜಿ ಕೇಳಿದರು.

"ಸೊಂಟದ ತನಕ ಸಾಕಜ್ಜಿ. ಮುಖ ಚೆನ್ನಾಗಿ ಬರುತ್ತೆ."

"ಮುಖ ಯಾರ್ಗ್ ಬೇಕಪ್ಪ? ಕಾಲಿಲ್ದಿದ್ರೆ ದೆವ್ವ ಅಂದ್ಕತಾರೆ. ಒಸಿ ಇಂದಕ್ಕೋಗು."

ನಂಜುಂಡ ಹಿಂದೆ ಹೋದ.

"ಸೊಸೆ ಕಾಲುಂಗ್ರ ಕಾಣ್ತವಾ?"

"ಇನ್ನೂ ಇಲ್ಲ."

"ಇನ್ನೊಸಿ ಓಗು ಮತ್ತೆ."

"ಸುಮ್ಕಿರವ್ವ," ಅಂದ ದೊಡ್ಡ ಮಗ. "ಆವಯ್ಯ ಮೈಸೂರ್ ತಂಕ ಓದ್ರೂ ನಿನ್ ಕಾಲು ಬರಾಕಿಲ್ಲ."

ಎಲ್ಲರೂ ನಕ್ಕರು. ನಂಜುಂಡ "ಅಲ್ಲಾಡಬೇಡಿ, ಅಲ್ಲಾಡಬೇಡಿ" ಅನ್ನುತ್ತ ಮತ್ತೊಂದು ಹೆಜ್ಜೆ ಹಿಂದಿಟ್ಟ.

ಆಗ ನೋಡಿದೆ. ಆಚೆ ಕಲ್ಲುರಾಶಿಯ ಮೇಲೆ ಚೀಲ ಹಿಡಿದು ಕೂತಿದ್ದ ನನಗೆ ಪಕ್ಕದಿಂದ ಎಲ್ಲವೂ ಸ್ಪಷ್ಟ. ಅವನ ಹಿಮ್ಮಡಿಯ ಹಿಂದೆ ನೆಲ ಇರಲಿಲ್ಲ.

ಓಡಿಹೋಗಿ ಹಿಡಿಯಲು ದೂರ. ಡಿಗ್ರಿ ಓದಿದ ಬಾಯಿಗೆ ಬಂದದ್ದು ಒಂದೇ ಮಾತು: "ಅಲ್ಲಾಡಬೇಡ!"

ಏನಾಯಿತು ಗೊತ್ತೆ? ಎದುರಿಗಿದ್ದವರೆಲ್ಲ ಕಂಬವಾದರು. ಕಂಕುಳಲ್ಲಿದ್ದ ಕೂಸು ಕೂಡ ಬೆರಳು ಚೀಪುವುದನ್ನು ನಿಲ್ಲಿಸಿತು. ನಂಜುಂಡ ಮಾತ್ರ "ಥ್ಯಾಂಕ್ಸ್ ಕಣೋ" ಎಂದು ಹಿಂದಕ್ಕಿಡಲು ಕಾಲೆತ್ತಿದ.

ಅಷ್ಟರಲ್ಲಿ ಅಜ್ಜಿಗೂ ಕಂಡಿತು. ನಿಂತಲ್ಲೇ ಕುಸಿದು ಕೂತರು. ಇದೂ ಫೋಟೋದ ಆರ್ಡರೇ ಇರಬೇಕೆಂದು ಸೊಸೆಯರು ಕೂತರು. ಗಂಡಸರು ಕೂತರು. ಮಕ್ಕಳೂ ಕೂತವು. ಫ್ರೇಮಿನ ಮೇಲರ್ಧ ಖಾಲಿ. ನಂಜುಂಡ ಗೊಣಗುತ್ತ ಎತ್ತಿದ ಕಾಲನ್ನು ಮುಂದಿಟ್ಟ. ಇನ್ನೂ ಎರಡು ಹೆಜ್ಜೆ ಮುಂದೆ ಬಂದ. ಕ್ಲಿಕ್.

ಟೀ ಅಂಗಡಿಯಲ್ಲಿ ಹೇಳಿದರೆ ನಕ್ಕುಬಿಟ್ಟ. "ನಿಂದು ಯಾವಾಗಲೂ ಸ್ವಲ್ಪ ಜಾಸ್ತಿ ಬಿಡು."

ಆ ವಾರವಿಡೀ ನನಗೆ ನಿದ್ದೆಯಿಲ್ಲ, ಕಣ್ಣು ಮುಚ್ಚಿದರೆ ಅವನ ಹಿಮ್ಮಡಿ. ಕೂಗಿದ್ದು ತಪ್ಪೆ? ಹೆಸರು ಹಿಡಿದು ಕರೆಯಬೇಕಿತ್ತೆ? 'ಅಲ್ಲಾಡಬೇಡ' ಎಂಬುದು ಕ್ಯಾಮೆರಾದ ಮುಂದಿರುವವರಿಗೆ ಹೇಳುವ ಮಾತು. ಅದರ ಹಿಂದಿರುವವನಿಗೆ ಅದು ತನಗೆಂದು ಹೊಳೆಯುವುದಾದರೂ ಹೇಗೆ? ಅವನೊಬ್ಬನನ್ನೇ ಏಕೆ ಅನ್ನಲಿ. 'ನಿಧಾನವಾಗಿ ಚಲಿಸಿ' ಬೋರ್ಡು ಬೇರೆ ಗಾಡಿಯವರಿಗೆ. ಡಾಕ್ಟರು ಉಪ್ಪು ಕಡಿಮೆ ಮಾಡಿ ಎಂದರೆ ನಾವು ಹೆಂಡತಿಯ ಕಡೆ ತಿರುಗಿ "ಕೇಳಿಸ್ತಾ?" ಅನ್ನುತ್ತೇವೆ. (ಬಿಪಿ ಇರುವುದು ನಮಗೆ.)

ಮುಂದಿನ ಭಾನುವಾರ ಪ್ರಿಂಟ್ ಕೊಡಲು ಹೋದೆವು. ಅಜ್ಜಿ ಅದನ್ನು ದೂರ ಹಿಡಿದು ನೋಡಿದರು, ಹತ್ತಿರ ತಂದು ನೋಡಿದರು.

"ಕಾಲೆಲ್ಲಪ್ಪ?"

"ನೀವೇ ಕೂತುಬಿಟ್ರಲ್ಲ ಅಜ್ಜಿ."

"ಇನ್ನೇನ್ ಮಾಡ್ಲಿ ಮೊಗ? ನೀನ್ ಗುಂಡಿಗೆ ಓಯ್ತಿದ್ದೆ, ನನ್ ಕಾಲೇ ಸತ್ತೋದ್ವು. ಬಾ ಇಲ್ಲಿ."

ಕೈ ಹಿಡಿದು ಕರೆದುಕೊಂಡು ಹೋಗಿ, ಅವನು ಅಂದು ನಿಂತ ಜಾಗ ತೋರಿಸಿದರು. ನಂಜುಂಡ ಬಗ್ಗಿ ನೋಡಿದ. ಕೆಳಗಿನ ಹಸಿರು ನೀರನ್ನು ನೋಡಿದ. ಆಮೇಲೆ ಅಲ್ಲೇ ಕೂತು, ಕೂತಂತೆಯೇ ತೆವಳಿಕೊಂಡು ಮನೆ ಬಾಗಿಲವರೆಗೆ ಬಂದ.

ಆ ಭಾನುವಾರ ರಾತ್ರಿಯಿಡೀ ಅವನು ಎದ್ದೆದ್ದು ಕೂರುತ್ತಿದ್ದನಂತೆ, ಅವನ ಹೆಂಡತಿ ದೂರಿದರು. ನಾನು ಅದೇ ರಾತ್ರಿ ಬೆಳಗಿನ ತನಕ ಗೊರಕೆ ಹೊಡೆದೆ. ಹೆದರಿಕೆಯನ್ನು ಅದರ ಯಜಮಾನನಿಗೆ ಒಪ್ಪಿಸಿದ ಮೇಲೆ ನಿದ್ದೆ ಬಾರದೆ ಇರುತ್ತದೆಯೆ?