ಎಡಗಡೆಯದು ತುಸು ಮೇಲೆ

ಸೆರಗಿಗೆ ಪಿನ್ನು ಹಾಕುವುದರಲ್ಲಿ ನಾನೀಗ ಪಂಡಿತೆ. ಮೊದಲೆಲ್ಲ ಬಸ್ಸಿಗೆ ಹೊತ್ತಾಯಿತೆಂದು ಚಪ್ಪಲಿ ಮೆಟ್ಟುತ್ತಲೇ ಪಿನ್ನು ಚುಚ್ಚಿಕೊಂಡು ಓಡುತ್ತಿದ್ದವಳು, ಈಗ ಕನ್ನಡಿಯ ಮುಂದೆ ನಿಂತು ಒಂದೊಂದು ನೆರಿಗೆಯನ್ನೂ ವಿಚಾರಿಸಿಕೊಳ್ಳುತ್ತೇನೆ. ಎಡಭುಜವನ್ನು ತುಸು ಇಳಿಸಿ, ಬಲಭುಜವನ್ನು ತುಸು ಏರಿಸಿ, ಉಸಿರು ಹಿಡಿದು ನಿಂತರೆ ಎಲ್ಲವೂ ಸಮವಾಗಿ ಕಾಣುತ್ತದೆ. ತೊಂದರೆ ಏನೆಂದರೆ ಹಾಗೆ ನಿಂತುಕೊಂಡು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡಲು ಬರುವುದಿಲ್ಲ. ಬೋರ್ಡಿನ ಮೇಲೆ ಬೇಡಿಕೆಯ ರೇಖೆ ಎಳೆಯಲು ಕೈ ಎತ್ತಿದೆನೋ, ಬೆಳಗಿನ ಶ್ರಮವೆಲ್ಲ ನೀರುಪಾಲು.

ಮುಚ್ಚುಮರೆ ಯಾಕೆ, ಹೇಳಿಯೇ ಬಿಡುತ್ತೇನೆ. ಹೋದ ವರ್ಷ ನಾನು ಮೊಲೆಗಳ ಆಪರೇಷನ್ ಮಾಡಿಸಿಕೊಂಡೆ. ಜೋತುಬಿದ್ದದ್ದನ್ನು ಮೇಲಕ್ಕೆತ್ತಿ, ಒಳಗೆ ಸಿಲಿಕಾನಿನ ಚೀಲ ಇಟ್ಟು ಹೊಲಿಯುವ ಆಪರೇಷನ್. ಇಬ್ಬರು ಮಕ್ಕಳು ಕುಡಿದು ಬೆಳೆದಿದ್ದರು. ನಲವತ್ತು ದಾಟಿದ ಮೇಲೆ ನಾನು ಹಟ ಹಿಡಿದು ಮೈ ಇಳಿಸಿದೆ. ಮೈ ಇಳಿದದ್ದಕ್ಕೆ ಎಲ್ಲರೂ ಶಹಬ್ಬಾಸ್ ಅಂದರು. ಜೊತೆಗೆ ಇನ್ನೇನು ಇಳಿಯಿತು ಎಂದು ಯಾರೂ ಕೇಳಲಿಲ್ಲ. ಗಂಡನಿಗಾಗಿ ಮಾಡಿಸಿಕೊಂಡೆಯಾ ಎಂದರೆ, ಅಲ್ಲ. ಸ್ನಾನ ಮುಗಿಸಿ ಬಂದು ಕನ್ನಡಿಯಲ್ಲಿ ನನ್ನನ್ನು ನಾನೇ ನೋಡಿಕೊಂಡಾಗ ಮುಖ ತಿರುಗಿಸಿಕೊಳ್ಳುವಂತಾಗಬಾರದು ಎನ್ನುವ ಒಂದು ಚಿಕ್ಕ ಆಸೆ, ಅಷ್ಟೇ.

ಈಗ ಏನಾಗಿದೆಯೆಂದರೆ, ಎಡಗಡೆಯದು ಗಟ್ಟಿಯಾಗಿ ತುಸು ಮೇಲೆ ಕೂತಿದೆ. ಬಲಗಡೆಯದು ಹಳೆಯ ಜಾಗ ನೆನಪಾದ ಹಾಗೆ ಮೆಲ್ಲಗೆ ಕೆಳಗಿಳಿಯುತ್ತಿದೆ. ಬೋರಲು ಮಲಗಲಾರೆ. ಮುಟ್ಟಿದರೆ ಕೆಲವು ಕಡೆ ಏನೂ ಗೊತ್ತಾಗುವುದಿಲ್ಲ. ಮಗಳನ್ನು ತಬ್ಬಿಕೊಂಡರೆ ನಮ್ಮಿಬ್ಬರ ನಡುವೆ ಮತ್ಯಾರೋ ನಿಂತಂತಾಗುತ್ತದೆ. ಕನ್ನಡಿಯ ಮುಂದೆ ಮೊದಲು ಬೇಸರ ಮಾತ್ರ ಆಗುತ್ತಿತ್ತು. ಈಗ ಬೇಸರದ ಜೊತೆಗೆ, ಇದನ್ನು ನಾನೇ ಕೇಳಿ ಮಾಡಿಸಿಕೊಂಡೆನಲ್ಲ ಎನ್ನುವ ಸಂಕಟವೂ ಸೇರಿದೆ.

ನಮ್ಮ ಹಳೆಯ ಕವಿಗಳು ಈ ವಿಷಯದಲ್ಲಿ ಎಂಥ ಉದಾರಿಗಳು! ಕಲಶ ಅಂದರು, ಚಕ್ರವಾಕ ಅಂದರು, ಆನೆಯ ಕುಂಭಸ್ಥಳ ಅಂದರು. ಎಡದ್ದು ಬಲದ್ದಕ್ಕಿಂತ ಮೇಲಿತ್ತು ಎಂದು ಬರೆದವರನ್ನು ನಾನಂತೂ ಕಂಡಿಲ್ಲ. ಶಿಲ್ಪಿಗಳೂ ಅದೇ ಜಾತಿ. ಗುಡಿಯ ಕಂಬಗಳ ಮೇಲಿನ ಹೆಂಗಸರನ್ನು ನೋಡಿ, ಅವರಿಗೆ ವಯಸ್ಸಿಲ್ಲ, ಬಾಣಂತನವಿಲ್ಲ, ಕಲ್ಲು ಜೋಲುವುದೂ ಇಲ್ಲ. ಇಷ್ಟಾದರೂ ಹರಿಹರದ ದೇವರ ಮುಂದೆ ನಿಂತಾಗ ಒಂದು ಸಲ ನನಗೆ ಬೇರೆಯೇ ಯೋಚನೆ ಬಂತು. ಅರ್ಧ ಹರಿ, ಅರ್ಧ ಹರ. ಒಂದು ಪಕ್ಕ ಇದ್ದಂತೆ ಇನ್ನೊಂದು ಪಕ್ಕವಿಲ್ಲ, ತಲೆಯ ಮೇಲಿನದೂ ಕೈಯೊಳಗಿನದೂ ಎಲ್ಲ ಬೇರೆ ಬೇರೆ. ಎರಡೂ ಕಡೆ ಸಮ ಮಾಡಿ ಎಂದು ಯಾವ ಭಕ್ತನೂ ಕೇಳಿಲ್ಲ. ಮಂಗಳಾರತಿ ತೆಗೆದುಕೊಳ್ಳುವಾಗ ನನಗೆ ದೇವರ ಮೇಲೆ ಹೊಟ್ಟೆಕಿಚ್ಚಾಯಿತು.

ನನ್ನ ಯಜಮಾನರಿಗೆ ನಮ್ಮೂರ ಮಂಡಿಪೇಟೆಯಲ್ಲಿ ಒಣಮೆಣಸಿನಕಾಯಿಯ ಸಗಟು ವ್ಯಾಪಾರ. ಮಾಲು ಮೆತ್ತಗಾಗಿದೆ ಎಂದು ಗಿರಾಕಿ ಮುಖ ಸಿಂಡರಿಸಿದರೆ ಮರುಮಾತಾಡದೆ ಬೇರೆ ಚೀಲ ಎತ್ತಿಸಿಕೊಡುವ ಮನುಷ್ಯ. ಆದರೆ ನಾನು ಮುಖ ಸಿಂಡರಿಸಿದಾಗ ಮಾತ್ರ, "ಬಿಡೇ, ಚೆನ್ನಾಗೇ ಐತೆ. ಯಾರು ನೋಡ್ತಾರ?" ಎಂದುಬಿಟ್ಟರು. ಸಮಾಧಾನಕ್ಕೆ ಆಡಿದ ಮಾತು ಎಂದು ನನಗೂ ಗೊತ್ತು. ಆದರೆ ನಾನು ನೋಡುತ್ತೇನಲ್ಲ? ದಿನಾ ನೋಡುತ್ತೇನೆ. ನನ್ನನ್ನು ಯಾವ ಲೆಕ್ಕಕ್ಕೆ ಹಿಡಿದರೋ ತಿಳಿಯದೆ ಆ ದಿನ ಅವರ ಜೊತೆ ಮಾತೇ ಆಡಲಿಲ್ಲ.

ಆಪರೇಷನ್ ಮಾಡಿದ ಡಾಕ್ಟರು, ಸ್ವಲ್ಪ ಟೈಮ್ ಕೊಡಿ, ಎಲ್ಲ ಸೆಟ್ಲ್ ಆಗುತ್ತೆ ಎನ್ನುತ್ತಲೇ ವರ್ಷ ಕಳೆದರು. ಕೊನೆಗೆ ಹುಬ್ಬಳ್ಳಿಯಲ್ಲಿ ಇನ್ನೊಬ್ಬ ಲೇಡಿ ಡಾಕ್ಟರಿಗೆ ತೋರಿಸಿದೆ. ಆಕೆ ಅಳತೆ ತೆಗೆದು, ಫೋಟೊ ಹೊಡೆದು, ಮತ್ತೆ ಬಿಚ್ಚಿ ಸರಿಮಾಡಬಹುದು ಎಂದರು. ಚೀಲದ ಸುತ್ತ ಕಟ್ಟಿಕೊಂಡ ಗಟ್ಟಿ ಪೊರೆಯನ್ನು ತೆಗೆದು ಚಿಕ್ಕ ಚೀಲ ಇಡುವುದು ಒಂದು ದಾರಿ. ಎರಡನ್ನೂ ತೆಗೆದುಹಾಕಿ, ಇದ್ದದ್ದನ್ನೇ ಎತ್ತಿ ಹೊಲಿಯುವುದು ಇನ್ನೊಂದು. ಗಾಯದ ಗುರುತು ಹೆಚ್ಚಾಗಬಹುದು, ಮರಗಟ್ಟಿದ್ದು ಹಾಗೆಯೇ ಉಳಿಯಬಹುದು, ಮೊದಲಿಗಿಂತ ಚೆನ್ನಾಗುತ್ತದೆ ಎಂದು ಗ್ಯಾರಂಟಿ ಕೊಡಲಾರೆ ಎಂದೂ ಹೇಳಿದರು. ಮೊದಲನೆಯ ಡಾಕ್ಟರು ನಗುನಗುತ್ತ ಗ್ಯಾರಂಟಿ ಕೊಟ್ಟಿದ್ದರಿಂದ ಈಕೆಯ ಮೇಲೆ ನನಗೆ ನಂಬಿಕೆ ಬಂತು. ಧೈರ್ಯ ಮಾತ್ರ ಬರಲಿಲ್ಲ.

ಧೈರ್ಯ ಬಾರದಿರಲು ಇನ್ನೊಂದು ಕಾರಣವೂ ಇದೆ. ನಮ್ಮ ಕಡೆ ಯಾರಿಗಾದರೂ ಆಪರೇಷನ್ ಆಯಿತೆಂದರೆ ಹೋಗಿ ಮಾತಾಡಿಸಿಕೊಂಡು ಬರಬೇಕು. ಬರಿಗೈಲಿ ಹೋಗುವಂತಿಲ್ಲ, ಬ್ರೆಡ್ಡೋ ಮೋಸಂಬಿಯೋ ಇರಬೇಕು. ಆದರೆ ಏನಾಗಿತ್ತು ಎಂದು ಮಲಗಿದವರನ್ನೇ ಕೇಳುವುದು ಮರ್ಯಾದೆಯಲ್ಲ. ಹೊರಡುವಾಗ ಗೇಟಿನ ಹತ್ತಿರ ಮನೆಯವರನ್ನು ದನಿ ತಗ್ಗಿಸಿ ಕೇಳಬೇಕು. ಹೋದ ವರ್ಷ ನನ್ನ ಆಪರೇಷನ್ ಆದಾಗ ಎಸ್.ಎಸ್. ಬಡಾವಣೆಯ ನಮ್ಮ ಪಕ್ಕದ ಮನೆಯ ಶಕೀಲಾ ಆಂಟಿ ಹಾಗೆಯೇ ಕೇಳಿದರು. "ಏನಾಗಿತ್ತು ಭಾಯ್ ಅವರಿಗೆ?" ಮಾರುಕಟ್ಟೆಯಲ್ಲಿ ಗಂಟಲು ಹರಿಯುವಂತೆ ದರ ಕೂಗುವ ನಮ್ಮ ಯಜಮಾನರಿಗೆ ಆಗ ಬಾಯಿಯೇ ಬರಲಿಲ್ಲವಂತೆ. ಅಂಗೈಯನ್ನು ತಮ್ಮ ಎದೆಯ ಮೇಲಿಟ್ಟುಕೊಂಡು, ತಲೆ ತಗ್ಗಿಸಿ, "ಇಲ್ಲೊಂದು ಸಣ್ಣ ಆಪರೇಷನ್ ರಿ. ಈಗ ಆರಾಮ ಅದಾಳ್ರಿ" ಎಂದರಂತೆ. ಆಂಟಿಯ ಕಣ್ಣಲ್ಲಿ ನೀರು ಬಂತು. "ದುವಾ ಮಾಡ್ತೀನಿ ಭಾಯ್, ಹೆದರಬ್ಯಾಡ್ರಿ" ಎಂದು ಹೋದರು. ಸಂಜೆಯೊಳಗೆ ನನಗೆ ಕ್ಯಾನ್ಸರ್ ಆಗಿ, ಗಡ್ಡೆ ತೆಗೆದು, ದೇವರ ದಯೆಯಿಂದ ನಾನು ಉಳಿದೂ ಆಗಿತ್ತು.

ಅಲ್ಲಗಳೆಯೋಣವೆಂದರೆ ನಿಜವನ್ನು ಹೇಳಬೇಕಾಗುತ್ತದೆ. ಅಷ್ಟು ಗಟ್ಟಿ ನಾನಾಗಿರಲಿಲ್ಲ. ಬಂದ ಮೋಸಂಬಿ ತಿನ್ನುತ್ತ ಸುಮ್ಮನಿದ್ದೆ.

ಸುದ್ದಿ ತುಂಗಭದ್ರೆಯ ದಂಡೆಗೂ ಮುಟ್ಟಿತು. ಹರಿಹರದಲ್ಲಿ ನನ್ನ ದೊಡ್ಡಮ್ಮನ ಮಗಳು ಗಿರಿಜಕ್ಕ ಇದ್ದಾಳೆ. ಆಕೆಗೆ ನಿಜವಾಗಿಯೂ ಆ ಕಾಯಿಲೆ ಬಂದು, ಕೆಲವು ವರ್ಷಗಳ ಹಿಂದೆ ಒಂದು ಮೊಲೆಯನ್ನು ತೆಗೆದಿದ್ದಾರೆ. ಮಾರನೆಯ ದಿನವೇ ಬಂದಳು. ಹೊಲಿಗೆಗೆ ತಾಗಬಾರದೆಂದು ಮುಂದೆ ಗುಂಡಿ ಇರುವ ಸಡಿಲವಾದ ತನ್ನ ಕಾಟನ್ ಬ್ಲೌಸುಗಳನ್ನು ತಂದಿದ್ದಳು. ಆಟೋದಲ್ಲಿ ಕೂರುವಾಗ ಕಂಕುಳಲ್ಲಿ ಚಿಕ್ಕ ದಿಂಬು ಇಟ್ಟುಕೊಳ್ಳುವುದನ್ನು ಕಲಿಸಿದಳು. "ನಾನಿದೀನಲ್ಲೇ, ನನ್ನ ನೋಡು" ಎಂದು ಕೈ ಹಿಡಿದು ಕೂತಳು. ಆ ಕೈಯೊಳಗೆ ನನ್ನ ಕೈ ಬೆವೆತದ್ದು ನಿಶ್ಶಕ್ತಿಯಿಂದ ಎಂದುಕೊಂಡಳು ಪಾಪ.

ಈಗ ಮತ್ತೊಮ್ಮೆ ಆಪರೇಷನ್ ಅಂದರೆ ಅದರ ಅರ್ಥ ಒಂದೇ: ತಿರುಗಿ ಬಂತು. ಉಳಿದವರು ಏನಾದರೂ ಅಂದುಕೊಳ್ಳಲಿ. ಗಿರಿಜಕ್ಕನಿಗೆ ಹಾಗೆ ಕೇಳಿಸಬಾರದು. ಅವಳಿಗೆ ಬಂದದ್ದೂ ತಿರುಗಿ ಬರಬಹುದಲ್ಲವೇ? ಆ ಭಯವನ್ನು ನನ್ನ ಎಡಬಲದ ಜಗಳಕ್ಕಾಗಿ ಅವಳೊಳಗೆ ಎಬ್ಬಿಸುವುದು ನನ್ನಿಂದಾಗದು. ಮಾಡಿಸುವುದೋ ಬಿಡುವುದೋ ಆಮೇಲಿನ ಮಾತು, ಮೊದಲು ಅವಳಿಗೆ ಹೇಳಬೇಕು ಎಂದು ಹೋದ ಭಾನುವಾರ ಹರಿಹರದ ಬಸ್ಸು ಹತ್ತಿದೆ.

ಗಿರಿಜಕ್ಕ ಮಾಳಿಗೆಯ ಮೇಲೆ ಅಕ್ಕಿ ಸಂಡಿಗೆ ತಿರುವಿ ಹಾಕುತ್ತಿದ್ದಳು. ಬಿಸಿಲಲ್ಲಿ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು, ನಾನೂ ನಾಲ್ಕು ಸಂಡಿಗೆ ತಿರುವಿ, ಎರಡು ಮುರಿದು, ಹೇಳಿದೆ.

"ಅಕ್ಕಾ, ನಂಗೆ ಗಡ್ಡೆ ಇರ್ಲಿಲ್ಲ. ಚಂದ ಕಾಣ್ಲಿ ಅಂತ ಮಾಡಿಸ್ಕೊಂಡಿದ್ದು."

ಅವಳ ಕೈ ನಿಂತಿತು. "ಒಂದೂ ಇರ್ಲಿಲ್ಲೇನೇ? ಡಾಕ್ಟ್ರು ಸರಿಯಾಗಿ ನೋಡ್ಯಾರಾ?"

"ನೋಡ್ಯಾರಕ್ಕಾ. ಏನೂ ಇಲ್ಲ."

ಹಿಟ್ಟು ಮೆತ್ತಿದ ಕೈಗಳನ್ನೇ ಜೋಡಿಸಿ ಗುಡಿಯ ದಿಕ್ಕಿಗೆ ಮುಗಿದಳು. ಆಮೇಲೆ ಮುಖ ಕೆಂಪಗಾಯಿತು. "ಮತ್ತ ನಾನು ವರ್ಷವಿಡೀ ನಿನ್ನ ಹೆಸರಲ್ಲಿ ಸೋಮವಾರ ಒಪ್ಪೊತ್ತು ಮಾಡಿದ್ನಲ್ಲೇ! ನಿನ್ನ ಮನೆ ಹಾಳಾಗ!"

ಇನ್ನಷ್ಟು ಬಯ್ಯಲಿ ಎಂದು ತಲೆ ತಗ್ಗಿಸಿ ಕಾದೆ. ಬಯ್ಯಲಿಲ್ಲ. ಇಷ್ಟು ದಿನ ಹೇಳದ್ದನ್ನು ಈಗ ಯಾಕೆ ಹೇಳುತ್ತಿದ್ದೀಯ ಎಂದು ಕೇಳಿದಳು. ಸರಿಯಾಗಲಿಲ್ಲ, ಮತ್ತೊಂದು ಆಪರೇಷನ್ ಬೇಕಾಗಬಹುದು ಎಂದೆ. ಎದ್ದು ಕೈ ಒರೆಸಿಕೊಂಡು, "ಒಳಗ ಬಾ" ಎಂದಳು. ಕೋಣೆಯ ಬಾಗಿಲು ಹಾಕಿ, ಕನ್ನಡಕ ಏರಿಸಿಕೊಂಡು, "ತೋರ್ಸು" ಎಂದಳು.

ತೋರಿಸಿದೆ. ಗಂಡ ನೋಡುವಾಗ ಕಣ್ಣು ಬೇಗ ಪಕ್ಕಕ್ಕೆ ಸರಿಯುತ್ತದೆ. ಡಾಕ್ಟರುಗಳು ಅಳತೆಯ ಟೇಪನ್ನು ನೋಡುತ್ತಾರೆ. ಗಿರಿಜಕ್ಕ ಸೀರೆ ಕೊಳ್ಳುವ ಮೊದಲು ಒಡಲು, ಅಂಚು, ಸೆರಗು ಎಲ್ಲ ಬಿಡಿಸಿ ನೋಡುವ ಹಾಗೆ ನಿಧಾನವಾಗಿ ನೋಡಿದಳು. ಎಡಗಡೆ ಬೆರಳಿಂದ ಒತ್ತಿದಳು.

"ನೋವೈತೇನು?"

"ಇಲ್ಲ. ಅಲ್ಲಿ ಏನೂ ಗೊತ್ತಾಗಲ್ಲ."

"ನಂಗೂ ಅಷ್ಟೇ. ಇಲ್ಲದ ಜಾಗದಾಗ ತುರಿಕೆ ಮಾತ್ರ ಬರ್ತೈತೆ." ಹಿಂದೆ ಸರಿದು ನಿಂತು ಮತ್ತೊಮ್ಮೆ ನೋಡಿದಳು. "ಹೌದು ಕಣೇ. ಸರಿ ಇಲ್ಲ. ಎಡಗಡೇದು ಮೇಲೈತೆ, ಬಲಗಡೇದು ಜಾರೈತೆ. ಹೆಂಗೆ ಮಾಡಿಟ್ಟಾರ ನೋಡು."

ನಾನು ಅತ್ತೆ. ಬಿಕ್ಕಿಬಿಕ್ಕಿ ಅತ್ತೆ. ಚೆನ್ನಾಗಿದೆ, ಗೊತ್ತಾಗುವುದಿಲ್ಲ, ಸೆಟ್ಲ್ ಆಗುತ್ತದೆ ಎಂದು ವರ್ಷವಿಡೀ ಕೇಳಿ ಕೇಳಿ, ತಪ್ಪು ನನ್ನ ಕಣ್ಣಲ್ಲೇ ಇರಬಹುದೆಂಬ ಅನುಮಾನ ನನಗೇ ಹತ್ತಿಬಿಟ್ಟಿತ್ತು. ಸರಿ ಇಲ್ಲ ಎನ್ನುವ ಎರಡು ಮಾತಿಗಾಗಿ ಇಷ್ಟು ದಿನ ಕಾದಿದ್ದೆನೆಂದು, ಅವು ಕಿವಿಗೆ ಬಿದ್ದ ಮೇಲೆಯೇ ತಿಳಿದದ್ದು.

ಗಿರಿಜಕ್ಕ ನನ್ನ ಬ್ಲೌಸಿನ ಹುಕ್ಕು ಹಾಕುತ್ತ, ನನ್ನ ಮುಖ ನೋಡದೆ ಹೇಳಿದಳು: "ನಂದು ತೆಗೆದಾಗ ಎಲ್ರೂ, ಜೀವ ಉಳೀತಲ್ಲ, ಈ ವಯಸ್ಸಿಗೆ ಅದು ಯಾಕ ಬೇಕು ಅಂದ್ರು. ನಾನೂ ಹ್ಞೂಂ ಅಂದೆ. ಬೇಕಾಗಿತ್ತು ಕಣೇ ನಂಗೆ."

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಯಾರು ನೋಡುತ್ತಾರೆ ಎಂದು ಅವಳಿಗೂ ಯಾರಾದರೂ ಸಮಾಧಾನ ಮಾಡುತ್ತಿದ್ದರು. ನಾನು ಅವಳ ಸೆರಗಿನ ಕಡೆ ನೋಡಿದೆ. ಅವಳು ತಾನೇ ಪಿನ್ನು ತೆಗೆದಳು. ನಾನೂ ಕಣ್ಣು ಸರಿಸದೆ, ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನೋಡಿದೆ.

ಎರಡನೆಯ ಆಪರೇಷನ್ ಇನ್ನೂ ತೀರ್ಮಾನವಾಗಿಲ್ಲ. ಹೆದರಿಕೆ ಹೋಗಿಲ್ಲ, ಆಸೆಯೂ ಹೋಗಿಲ್ಲ. ಮಾಡಿಸಿದರೆ ಇನ್ನೂ ಕೆಡಬಹುದು, ಬಿಟ್ಟರೆ ಹೀಗೆಯೇ ಇರುತ್ತದೆ. ಎರಡರಲ್ಲಿ ಯಾವುದಾದರೂ ದುಃಖವೇ. ಆದರೆ ಅದು ದುಃಖ ಎಂದು ಒಪ್ಪಿಕೊಂಡವರು ಈಗ ನಾವಿಬ್ಬರಿದ್ದೇವೆ.