ಪಡುವಣಕ್ಕೆ ಹೊರಟ ಕರಿಬೇವು

ಸೂಟ್‌ಕೇಸು ಹುಡುಕಲು ಗ್ಯಾರೇಜಿನ ರಟ್ಟಿನ ಪೆಟ್ಟಿಗೆಗಳನ್ನು ಸರಿಸುತ್ತಿದ್ದೆ. ಒಂದು ನೀಲಿ ನೋಟ್‌ಬುಕ್ಕು ಕೆಳಗೆ ಬಿತ್ತು, ಅದರೊಳಗಿಂದ ಒಂದು ಒಣಗಿದ ಎಲೆ ಜಾರಿತು. ಮೂಗಿಗೆ ಹಿಡಿದೆ. ವಾಸನೆ ಹೋಗಿ ಯಾವ ಕಾಲವಾಗಿತ್ತೋ, ಆದರೂ ಕರಿಬೇವೆಂದು ತಿಳಿಯದಿದ್ದರೆ ಇಷ್ಟು ವರ್ಷ ಒಗ್ಗರಣೆ ಹಾಕಿದ್ದು ದಂಡ. ಈ ಎಲೆ ನಾವಿರುವ ಪರ್ತ್‌ಗೆ, ಆಸ್ಟ್ರೇಲಿಯದ ಪಡುವಣ ತುದಿಗೆ, ಬಂದಿರುವ ಹಾಗೇ ಇಲ್ಲ!

ಆ ಸೂಟ್‌ಕೇಸು ಯಾರಿಗೆ ಎಂದು ಹೇಳಬೇಕಲ್ಲ. ಮಗಳು ವಾಣಿಗೆ ಬ್ರಿಸ್ಬೇನಿನಲ್ಲಿ ಮೆಡಿಕಲ್ ಸೀಟು ಸಿಕ್ಕಿತ್ತು. ಊರು ನೋಡದೆ, ನನ್ನನ್ನೊಂದು ಮಾತು ಕೇಳದೆ, ಫೋನಿನಲ್ಲೇ ಒಪ್ಪಿಕೊಂಡಿದ್ದಳು. ಅಲ್ಲಿಯ ಎಯ್ಟ್ ಮೈಲ್ ಪ್ಲೇನ್ಸ್ ಎಂಬ ಬಡಾವಣೆಯಲ್ಲಿ ರೂಮೂ ಗೊತ್ತಾಗಿತ್ತು. ಬ್ರಿಸ್ಬೇನ್ ಎಂದರೆ ಈ ಖಂಡದ ಇನ್ನೊಂದು ಅಂಚು. ಒಂದು ವಾರದಿಂದ ನಾನು ಅವಳೊಡನೆ ಮಾತು ಬಿಟ್ಟಿದ್ದೆ. ಮಾತು ಬಿಡುವುದರಲ್ಲಿ ನನಗೆ ಒಳ್ಳೆಯ ಅಭ್ಯಾಸವಿದೆ.

ನೋಟ್‌ಬುಕ್ಕು ಅವಳು ಹತ್ತು ವರ್ಷದವಳಾಗಿದ್ದಾಗಿನದು. ಆಗ ನಾವು ಅಡಿಲೇಡಿನಲ್ಲಿದ್ದೆವು. ಶಾಲೆಯ ಪ್ರಾಜೆಕ್ಟಿಗೆಂದು ಅಮೆರಿಕದ ಮೂರನೆಯ ಅಧ್ಯಕ್ಷನ ಚಿತ್ರ ಬರೆದಿದ್ದಳು, ಮೂಗು ಮಾತ್ರ ನಮ್ಮ ಮಾವನವರದು. ತನ್ನ ದೇಶದಷ್ಟೇ ದೊಡ್ಡ ಇನ್ನೊಂದು ನೆಲವನ್ನು ಆ ಪುಣ್ಯಾತ್ಮ ಫ್ರಾನ್ಸಿನಿಂದ ನೋಡದೆಯೇ ಕೊಂಡನಂತೆ. ಆಮೇಲೆ ಇಬ್ಬರು ಕ್ಯಾಪ್ಟನ್ನರನ್ನು ಪಶ್ಚಿಮಕ್ಕೆ ಕಳಿಸಿ, ನದಿ, ಗಿಡ, ಪ್ರಾಣಿ, ಜನ, ಕಂಡದ್ದೆಲ್ಲ ಬರೆಯಿರಿ ಎಂದು ಉದ್ದಕ್ಕೆ ಅಪ್ಪಣೆ ಕೊಟ್ಟನಂತೆ. ತಲೆತಲಾಂತರದಿಂದ ಅಲ್ಲೇ ಬಾಳಿದ್ದ ಜನರನ್ನು ಯಾರೂ ಕೇಳಲಿಲ್ಲ ಎಂಬುದು ಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಮುಗಿದಿತ್ತು.

ಅದೇ ವಾರ ನಮ್ಮ ಮನೆಯವರು, ಡಾಕ್ಟರು, ಪರ್ತ್‌ನ ಆಸ್ಪತ್ರೆಯ ಕೆಲಸವನ್ನು ಫೋನಿನಲ್ಲಿ ಒಪ್ಪಿಕೊಂಡು ಬಂದರು.

"ನೋಡು, ಅಷ್ಟು ದೊಡ್ಡ ಅಧ್ಯಕ್ಷನೇ ನೋಡದೆ ಒಪ್ಕೊಂಡ. ನಾನೂ ಒಪ್ಕೊಂಡ್ಬಿಟ್ಟೆ!" ಎಂದರು.

"ಅವನು ಹೆಂಡ್ತೀನ ಕೇಳಿದ್ನಾ?"

"ಹಿಸ್ ವೈಫ್ ವಾಸ್ ಡೆಡ್, ಅಮ್ಮ," ಎಂದಳು ವಾಣಿ.

ನನಗೆ ಸಿಟ್ಟು ನೆತ್ತಿಗೇರಿತು. ಅಡಿಲೇಡಿನಲ್ಲಿ ನನ್ನದೊಂದು ಕರಿಬೇವಿನ ಗಿಡವಿತ್ತು. ಫಿಜಿಯ ಆಂಟಿಯೊಬ್ಬರು ಕೊಟ್ಟ ಸಸಿ. ಚಳಿಗಾಲದಲ್ಲಿ ಸಂಜೆಯಾದರೆ ಅದನ್ನು ಕಂಕುಳಲ್ಲಿಟ್ಟುಕೊಂಡು ಒಳಗೆ ತರುತ್ತಿದ್ದೆ. "ಕರಿಬೇವು ಬಂದ್ರೆ ನಾನೂ ಬರ್ತೀನಿ. ಅದಿಲ್ಲ ಅಂದ್ರೆ ನಾನೂ ಇಲ್ಲ," ಎಂದುಬಿಟ್ಟೆ.

ಹೀಗಾಗಿ ಹಳೆಯ ಸ್ಟೇಷನ್ ವ್ಯಾಗನ್ನಿನ ಹಿಂದಿನ ಸೀಟಿನಲ್ಲಿ ವಾಣಿ, ಪಕ್ಕದಲ್ಲಿ ಬೆಲ್ಟು ಹಾಕಿಸಿಕೊಂಡ ಗಿಡ. ತಾನೇ ಕ್ಯಾಪ್ಟನ್ ಎಂದುಕೊಂಡ ವಾಣಿ ಕಂಡದ್ದೆಲ್ಲ ಬರೆದದ್ದೇ ಬರೆದದ್ದು: ಸರ್ವೋ (ಪೆಟ್ರೋಲ್ ಬಂಕು) ಒಂದು, ಸತ್ತ ಕಾಂಗರೂ ಮೂರು, ಅಪ್ಪನ ಆಕಳಿಕೆ ಹನ್ನೊಂದು.

ಎರಡು ದಿನ ಓಡಿದ ಮೇಲೆ ಪಶ್ಚಿಮ ಆಸ್ಟ್ರೇಲಿಯದ ಗಡಿಯಲ್ಲಿ ಚೆಕ್‌ಪೋಸ್ಟ್ ಬಂತು. ನಮ್ಮ ಕಡೆಯ ಚೆಕ್‌ಪೋಸ್ಟಿನ ಹಾಗೆ ಲಾರಿಗಳಿಗೆ ಮಾತ್ರ ಎಂದುಕೊಂಡು ನಾನು ಧೈರ್ಯವಾಗಿ ಕೂತಿದ್ದೆ. ಆದರೆ ಹಣ್ಣು, ತರಕಾರಿ, ಜೇನು, ಗಿಡ ಯಾವುದೂ ಗಡಿ ದಾಟುವ ಹಾಗಿರಲಿಲ್ಲ, ಹುಳು ರೋಗ ಬಂದೀತೆಂದು. ಹಣ್ಣನ್ನು ಅಲ್ಲೇ ತಿಂದು ಮುಗಿಸಬಹುದಿತ್ತು. ಅಪ್ಪ ಮಗಳು ಬಿಸಿಲಲ್ಲಿ ನಿಂತು ಏಳು ಕಿತ್ತಳೆ ತಿಂದರು. ಗಿಡವನ್ನು ತಿನ್ನಲಾದೀತೇ, ನೀವೇ ಹೇಳಿ?

"ಸಾರಿ, ಲವ್," ಎಂದು ಅಧಿಕಾರಿ ಕುಂಡ ಎತ್ತಿಕೊಂಡ. ಬೇರೇನಾದರೂ ಇದೆಯೇ ಎಂದು ಕೇಳಿದ.

"ನಥಿಂಗ್ ಎಲ್ಸ್! ನಥಿಂಗ್!" ಎಂದು ಸತ್ಯಹರಿಶ್ಚಂದ್ರನ ಮನೆಯವಳ ಹಾಗೆ ಗುಡುಗಿದೆ.

ಡಾಕ್ಟರು ಹತ್ತಿರ ಬಂದರು. "ನೀನು ಹೇಳಿದ ಮಾತು ಮರೆತಿಲ್ಲ. ಹೂಂ ಅನ್ನು, ಈಗ್ಲೇ ಗಾಡಿ ತಿರುಗಿಸ್ತೀನಿ. ಕೆಲ್ಸ ಹೋದ್ರೆ ಹೋಗ್ಲಿ."

ಮೊದಲ ಸಲ ನನ್ನನ್ನು ಕೇಳಿದ್ದರು! ಹಿಂದೆ ತಿರುಗಿದೆ, ಬಂದ ದಾರಿ. ಮುಂದೆ ನೋಡಿದೆ, ಒಂದು ಮರವಿಲ್ಲ, ತಿರುವಿಲ್ಲ, ಆಕಾಶದವರೆಗೂ ದಾರಿ. ಏನಾಯಿತೋ ಕಾಣೆ, "ಕೀ ಕೊಡ್ರಿ," ಎಂದೆ.

ಲೈಸೆನ್ಸ್ ಸಿಕ್ಕಿ ಮೂರು ವಾರವಾಗಿತ್ತು. ಇಳಿಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿತ್ತು. ಎಮು ಹಕ್ಕಿಗಳು ಗಾಡಿಯ ಜೊತೆ ಓಡಿದವು, ವಾಣಿ "ಫಾಸ್ಟರ್, ಅಮ್ಮ!" ಎಂದು ಕಿರುಚಿದಳು, ಡಾಕ್ಟರು ಡ್ಯಾಶ್‌ಬೋರ್ಡು ಹಿಡಿದುಕೊಂಡು ಕೂತರು. ಅಂಥ ಖುಷಿ ನಾನು ಅದುವರೆಗೆ ಕಂಡಿರಲಿಲ್ಲ.

ಆ ದಿನದ ಪುಟ ಈಗ ನನ್ನ ಕೈಯಲ್ಲಿತ್ತು. ಮಗುವಿನ ಇಂಗ್ಲಿಷಿನಲ್ಲಿ ಹೀಗಿತ್ತು: ಗಿಡ ಹೋಯಿತು. ಅಮ್ಮ ಡ್ರೈವ್ ಮಾಡುತ್ತಿದ್ದಾಳೆ. ಅಪ್ಪನಿಗೆ ಹೆದರಿಕೆ. ಒಂದು ಎಲೆ ನನ್ನ ಹತ್ತಿರ ಇದೆ, ಗುಟ್ಟು.

ನೋಟ್‌ಬುಕ್ಕು ಹಿಡಿದು ವಾಣಿಯ ರೂಮಿಗೆ ನುಗ್ಗಿದೆ. "ಏನೇ ಇದು? ಕಳ್ಳಿ! ನನ್ನ ಕೈಲಿ ಸುಳ್ಳು ಹೇಳಿಸಿದ್ಯಲ್ಲ!"

ವಾರದ ಮೇಲೆ ನಾನಾಡಿದ ಮೊದಲ ಮಾತು. ವಾಣಿ ಎಲೆಯನ್ನು ನೋಡಿದಳು, ನನ್ನನ್ನು ನೋಡಿದಳು.

"ಯು ಸೆಡ್ ನೋ ಕರಿಬೇವು, ನೋ ಅಮ್ಮ. ಸೋ ಐ ಬ್ರಾಟ್ ಸಮ್."

ನನಗೆ ಅಳು ಬಂತು, ನಗುವೂ ಬಂತು. ನಾನು ಬರಲೆಂದು ಹತ್ತು ವರ್ಷದ ಹುಡುಗಿ ಸರ್ಕಾರಕ್ಕೇ ಮೋಸ ಮಾಡಿದ್ದಳು. ನಾನೋ, ಅವಳು ಹೊರಟಾಗ ಗೂಟ ಹಾಕಿಕೊಂಡು ಕೂತಿದ್ದೆ.

ಆ ಅಧ್ಯಕ್ಷ ತಾನು ಮಾತ್ರ ಆ ಪಶ್ಚಿಮವನ್ನು ಒಮ್ಮೆಯೂ ನೋಡಲಿಲ್ಲವಂತೆ. ಬಂದ ವರದಿಗಳನ್ನು ಓದಿಯೇ ಸಂತೋಷಪಟ್ಟನಂತೆ. ನೋಟ್‌ಬುಕ್ಕಿನಲ್ಲಿ ಇನ್ನೂ ಅರ್ಧ ಪುಟಗಳು ಖಾಲಿ ಇದ್ದವು. ಅಲ್ಲೇ ಮಂಚದ ಮೇಲೆ ಕೂತು ನಾನೂ ಅಪ್ಪಣೆ ಬರೆದೆ: ನದಿ ಎಷ್ಟು ಅಗಲ ನೋಡು. ಅಲ್ಲಿಯ ಜನ ಏನು ತಿನ್ನುತ್ತಾರೆ, ಹೇಗೆ ನಗುತ್ತಾರೆ, ಬರೆ. ಕಂಡದ್ದೆಲ್ಲ ಬರೆ. ಎಲೆ ಗಿಲೆ ಕದ್ದು ಒಯ್ಯಬೇಡ.

ಎಲೆಯನ್ನು ನಾನೇ ಇಟ್ಟುಕೊಂಡೆ. ಏರ್‌ಪೋರ್ಟಿಗೆ ಗಾಡಿಯನ್ನೂ ನಾನೇ ಓಡಿಸುತ್ತೇನೆ.